ಹೊಸಿಲು ದಾಟುವ ಶೂ

ಪ್ರಶ್ನೆ: ಗಂಡನ ಆಫೀಸಿನವರು ನಮ್ಮ ಫ್ಲಾಟಿಗೆ ಬಂದರೆ ಶೂ ಹಾಕಿಕೊಂಡೇ ಸೋಫಾತನಕ ಬರುತ್ತಾರೆ. ಹೇಗೆ ಹೇಳಲಿ?
– ಓದುಗಿ, ಬೆಂಗಳೂರು

ಉತ್ತರ: ಹೇಳಬೇಡಿ, ತೋರಿಸಿ. ಬಾಗಿಲು ತೆರೆಯುವಾಗ ನೀವು ಬರಿಗಾಲಲ್ಲಿರಿ. ಹೊಸಿಲ ಪಕ್ಕ ಒಂದು ಸ್ಟೂಲ್ ಇಡಿ. ಲೇಸ್ ಬಿಚ್ಚಲು ಒಂಟಿಕಾಲಲ್ಲಿ ಕುಣಿಯಬೇಕಲ್ಲ ಎಂದೇ ಎಷ್ಟೋ ಜನ ಸುಮ್ಮನೆ ಒಳಗೆ ನುಗ್ಗುತ್ತಾರೆ. ಸಾಗರದ ನಮ್ಮ ಮನೆಯಲ್ಲಿ ಅಜ್ಜಿ ಜಗಲಿಯ ಮೇಲೆ ತಂಬಿಗೆ ನೀರಿಟ್ಟು "ಕಾಲು ತೊಳ್ಕಳಿ" ಅನ್ನುತ್ತಿದ್ದಳು. ಚಪ್ಪಲಿಯ ಮಾತೇ ಬರುತ್ತಿರಲಿಲ್ಲ! ಇನ್ನು ಕೆಲವರಿಗೆ, ಪಾಪ, ತೂತು ಸಾಕ್ಸಿನ ಚಿಂತೆ. ನನ್ನ ಭಾವ ಒಮ್ಮೆ ಹೆಬ್ಬೆರಳು ಕಾಣದಂತೆ ಎಡಗಾಲನ್ನು ಬಲಗಾಲ ಹಿಂದೆ ಅಡಗಿಸಿಕೊಂಡು ಎರಡು ತಾಸು ಕೂತಿದ್ದ. ಮಂಡಿನೋವಿನ ಹಿರಿಯರನ್ನು ಮಾತ್ರ ಬಿಟ್ಟುಬಿಡಿ. ಅವರು ಹೋದಮೇಲೆ ನೆಲ ಒರೆಸಿದರಾಯಿತು.