ಜಾಕೆಟ್ ಬಿಟ್ಟು ಕ್ವಿಲ್ಟ್ ಒಂದೇ ಸಾಕಾ?

ರಾತ್ರಿ 5 ಡಿಗ್ರಿಗೆ ಇಳಿಯುವ ಕಡೆ ಟೆಂಟ್ ಹಾಕಿ ಮಲಗೋದಕ್ಕೆ ಜಾಕೆಟ್ ಬಿಟ್ಟು, ನಡುವಿನ ಸೀಳಿನಲ್ಲಿ ತಲೆ ತೂರಿಸಿ ಹಾಕಿಕೊಳ್ಳಲೂ ಬರುವ ಕ್ವಿಲ್ಟ್ (ಹೊದೆಯುವ ಹಗುರ ರಜಾಯಿ) ಒಂದನ್ನೇ ಒಯ್ಯಬಹುದಾ, ಇಲ್ಲ ಪಾಂಚೋ ಲೈನರ್ ಸಾಕಾ ಅಂತ ಕೇಳಿದ್ದೀರಿ. ಒಳ್ಳೆ ಡೌನ್ (ಬಾತುಕೋಳಿಯಂಥ ಹಕ್ಕಿಗಳ ಮೆತ್ತನೆ ಪುಕ್ಕ) ತುಂಬಿದ ಕ್ವಿಲ್ಟ್ ಆದರೆ ಧಾರಾಳವಾಗಿ ಒಯ್ಯಿರಿ. ಲೈನರ್ ಒಂದೇ ಸಾಲದು.

ಲೈನರ್ ಅಂದರೆ ಎರಡು ಪದರ ನೈಲಾನ್ ನಡುವೆ ತೆಳ್ಳಗಿನ ಪಾಲಿಯೆಸ್ಟರ್ ತುಂಬು. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕದ ಸೈನಿಕರು ಬಳಸಿದ್ದು. ಒದ್ದೆಯಾದರೂ ಒಂದಿಷ್ಟು ಬಿಸಿ ಹಿಡಿದಿಡುತ್ತೆ, ಡೌನ್‌ಗೆ ಆ ಗುಣ ಇಲ್ಲ. ಆದರೆ ಒಣಗಿದ್ದಾಗ ಅಷ್ಟೇ ತೂಕದ ಡೌನ್ ಎಷ್ಟೋ ಬೆಚ್ಚಗಿರುತ್ತೆ.

ಕೊಳ್ಳುವಾಗ ನಡುವಿನ ಸೀಳನ್ನು ಚೆನ್ನಾಗಿ ನೋಡಿ. ನನ್ನ ಮೊದಲ ಕ್ವಿಲ್ಟಿಗೆ ಬರೀ ವೆಲ್ಕ್ರೋ ಇತ್ತು. ಮಗ್ಗುಲು ಬದಲಿಸಿದಾಗಲೆಲ್ಲ ಪರ್ರ್ ಅಂತ ಬಿಚ್ಚಿಕೊಂಡು ಸರಿಯಾಗಿ ಎದೆಗೇ ಗಾಳಿ ನುಗ್ಗುತ್ತಿತ್ತು. ಸೀಳಿನ ಒಳಗಡೆ ಡೌನ್ ತುಂಬಿದ ಪಟ್ಟಿ ಇರಲೇಬೇಕು. ಬದಿಗಳನ್ನು ಕೆಳಗೆ ಹಾಸುವ ಮ್ಯಾಟಿಗೆ ಬಿಗಿಯುವ ಪಟ್ಟಿಗಳೂ ಇರಲಿ. ನೆಲದ ಚಳಿ ತಡೆಯುವುದು ಮ್ಯಾಟೇ ಹೊರತು ಕ್ವಿಲ್ಟ್ ಅಲ್ಲ, ಹಾಗಾಗಿ ಮ್ಯಾಟಿನ ಆರ್-ವ್ಯಾಲ್ಯೂ (ಚಳಿ ತಡೆಯುವ ಶಕ್ತಿಯ ಅಳತೆ) 3ರ ಆಸುಪಾಸು ಇರಬೇಕು.

ದಯವಿಟ್ಟು ಕ್ವಿಲ್ಟ್ ಹಾಕಿಕೊಂಡು ಸ್ಟೌ ಹಚ್ಚಬೇಡಿ. ಬಗ್ಗಿದರೆ ಅಂಚು ಜೋತು ಬೀಳುತ್ತೆ, ತೆಳು ನೈಲಾನ್ ತಟ್ಟನೆ ಕರಗುತ್ತೆ. ಬೆಳಗ್ಗೆ ಅಡುಗೆಗೆ, ಟೆಂಟ್ ಮಡಚೋದಕ್ಕೆ ತೆಳು ಫ್ಲೀಸ್ ಒಂದು ಜೊತೆಗಿರಲಿ.