ಬ್ಯಾಡಗಿಯ ನೂರು ಚೀಲ: ಲೇಖನ ಕಳಿಸಿದವರಿಗೆ ಉತ್ತರ

ನಮಸ್ಕಾರ. 'ಕಾನ್ಫಿಡೆನ್ಸ್ ಇಂಟರ್ವಲ್ ಅಂದರೇನು' ಅನ್ನೋ ನಿಮ್ಮ ಲೇಖನ, ಅಂದರೆ ಕೆಲವೇ ಚೀಲ ನೋಡಿ ಇಡೀ ಮಾರ್ಕೆಟ್ಟಿನ ಪ್ರಮಾಣ ಎಷ್ಟರಿಂದ ಎಷ್ಟರೊಳಗೆ ಇರಬಹುದು ಅಂತ ಅಂದಾಜು ಮಾಡುವ ಅಂತರದ ಬಗ್ಗೆ ಬರೆದದ್ದು, ಎರಡು ಸಲ ಓದಿದೆ. ಈಗಿರುವಂತೆ ಹಾಕಲು ಆಗುವುದಿಲ್ಲ. ತಿದ್ದಿ ಕಳಿಸಿದರೆ ಖಂಡಿತ ಹಾಕುತ್ತೇನೆ.

ನಿಮ್ಮ ಮಾವ ಬ್ಯಾಡಗಿ ಮಾರ್ಕೆಟ್ಟಿನಲ್ಲಿ ಚೀಲದೊಳಗೆ ಕೈ ಹಾಕಿ, ಒಂದು ಮೆಣಸಿನಕಾಯಿ ಮಡಚಿ, "ಮುರಿಯವಲ್ದು ನೋಡು, ಬಾಗತೈತಿ. ಹಸಿ ಐತಿ" ಅಂದರಲ್ಲ, ಅದು ಮೂರನೇ ಪುಟದಲ್ಲಿದೆ. ಮೊದಲೆರಡು ಪುಟ ಬರೀ ಸೂತ್ರ. ಓದುವವರು ಮಾವನ ತನಕ ಬರುವುದೇ ಇಲ್ಲ. ಅವರಿಂದಲೇ ಶುರು ಮಾಡಿ.

ಲೆಕ್ಕ ಸರಿಯಿದೆ. 100 ಚೀಲದಲ್ಲಿ 20 ಹಸಿ. 0.2 ಮತ್ತು 0.8 ಗುಣಿಸಿ, 100ರಿಂದ ಭಾಗಿಸಿ, ವರ್ಗಮೂಲ ತೆಗೆದರೆ 0.04. ಅದನ್ನು 1.96ರಿಂದ (ಶೇ. 95ರ ಅಂತರಕ್ಕೆ ಬಳಸುವ ಸಂಖ್ಯೆ) ಗುಣಿಸಿದರೆ ಸುಮಾರು 0.078. ಅದನ್ನು 0.2ರಿಂದ ಕಳೆದು, 0.2ಕ್ಕೆ ಕೂಡಿಸಿದರೆ ಅಂತರ ಶೇ. 12.2ರಿಂದ 27.8. ಆದರೆ ಅದರ ಕೆಳಗೇ 'ಮಾರ್ಕೆಟ್ಟಿನ ನಿಜವಾದ ಪ್ರಮಾಣ ಇದರೊಳಗಿರುವ ಸಾಧ್ಯತೆ ಶೇ. 95' ಅಂದುಬಿಟ್ಟಿದ್ದೀರಿ. ಎಲ್ಲರೂ ಎಡವುವ ಜಾಗ ಇದು. ನಿಜವಾದ ಪ್ರಮಾಣ ಇದ್ದಲ್ಲೇ ಇರುತ್ತದೆ. ಬದಲಾಗುವುದು ನೀವು ಆರಿಸಿದ ಚೀಲ. ಚೀಟಿ ಎತ್ತಿದ ಹಾಗೆ ಮತ್ತೆ ಮತ್ತೆ 100 ಚೀಲ ಆರಿಸಿ ಲೆಕ್ಕ ಹಾಕುತ್ತಾ ಹೋದರೆ, ನೂರಕ್ಕೆ ಸುಮಾರು 95 ಸಲ ನಿಜವಾದ ಪ್ರಮಾಣ ಆಯಾ ಸಲದ ಅಂತರದೊಳಗೆ ಸಿಗುತ್ತದೆ. ಈ ಸಲದ್ದು ಆ 95ರಲ್ಲಿ ಒಂದೋ, ಉಳಿದ 5ರಲ್ಲಿ ಒಂದೋ, ಗೊತ್ತಾಗೋದಿಲ್ಲ. 1937ರಲ್ಲಿ ಸಂಖ್ಯಾಶಾಸ್ತ್ರಜ್ಞ ನೇಮನ್ ಈ ಅಂತರವನ್ನು ವಿವರಿಸಿದ್ದೂ ಹೀಗೇ.

ಇನ್ನು, ನೂರೂ ಚೀಲ ಮಾವನಿಗೆ ಪರಿಚಯದ ಒಂದೇ ದಲಾಲಿ ಅಂಗಡಿಯವು, ಅಲ್ವಾ? ಅಲ್ಲಿ ಚಹಾ ಕುಡಿದದ್ದನ್ನೂ ನೀವೇ ಬರೆದಿದ್ದೀರಿ. ಹಾಗಿದ್ದರೆ ಇಡೀ ಮಾರ್ಕೆಟ್ಟಿನ ಮಾತು ಬೇಡ. ಚೀಲ ಎಲ್ಲಿಂದ ಬಂತು ಅಂತ ಸೂತ್ರ ಕೇಳೋದಿಲ್ಲ, ಆರಿಸುವವರೇ ನೋಡಿಕೊಳ್ಳಬೇಕು. ಅದೇ ಅಂಗಡಿಯಲ್ಲಿ 400 ಚೀಲ ನೋಡಿದರೆ ಅಂತರ ಅರ್ಧಕ್ಕೆ ಇಳಿಯಬಹುದು, ತಪ್ಪು ಇಳಿಯೋದಿಲ್ಲ.

ಗದಗಿನ 10 ಚೀಲದ ಪ್ಯಾರಾ ಓದಿ ನಗು ಬಂತು, ಬೇಜಾರು ಮಾಡ್ಕೋಬೇಡಿ. ಒಂದೂ ಹಸಿ ಇರಲಿಲ್ಲ. ಅದೇ ಸೂತ್ರ ಹಾಕಿದಿರಿ, 0ಯಿಂದ 0 ಬಂತು. ಹತ್ತು ಚೀಲ ಮುಟ್ಟಿ ಇಡೀ ಗದಗಿಗೆ ಸರ್ಟಿಫಿಕೇಟ್ ಕೊಟ್ಟಂತಾಯ್ತು! ಚೀಲ ಕಡಿಮೆ ಇದ್ದು ಪ್ರಮಾಣ ಸೊನ್ನೆಗೆ ಅಂಟಿಕೊಂಡಾಗ ಈ ಸೂತ್ರ ನಡೆಯೋದಿಲ್ಲ. ಇಂಥ ಕಡೆಯೂ ನಡೆಯುವ ಇನ್ನೊಂದು ಸೂತ್ರ, 1927ರ ವಿಲ್ಸನ್ ವಿಧಾನ, ಹಾಕಿ ನೋಡಿ: 0ಯಿಂದ ಹೆಚ್ಚುಕಡಿಮೆ ಶೇ. 28. ಬ್ಯಾಡಗಿಯ ಮೇಲಿನ ತುದಿಯೂ ಅಲ್ಲೇ ಇದೆ. ಹಾಗಾಗಿ 'ಗದಗಿನ ಮಾಲೇ ಒಣ' ಅನ್ನೋ ಕೊನೆಯ ಸಾಲು ಹೊಡೆದು ಹಾಕಿ.

ಐದು ಪುಟ ಜಾಸ್ತಿ ಆಯ್ತು, ಎರಡು ಸಾಕು. ಮಾವನ ಮಾತು ಮಾತ್ರ ತಿದ್ದಬೇಡಿ, ಹಾಗೇ ಇರಲಿ.