ಎಡಗೈ ಹುಡುಗನಿಗೆ ಬೇಸ್‌ಬಾಲ್ ಮೈದಾನದಲ್ಲಿ ಯಾವ ಜಾಗ?

ಪ್ರಶ್ನೆ: ನನ್ನ ಮಗನಿಗೆ 11 ವರ್ಷ. ಎರಡು ವರ್ಷಗಳಿಂದ ಬೇಸ್‌ಬಾಲ್ ಆಡುತ್ತಿದ್ದಾನೆ. ಎಡಗೈಯಲ್ಲಿ ಎಸೆಯುತ್ತಾನೆ, ವಯಸ್ಸಿಗೆ ಮೀರಿದ ಎತ್ತರ, ಓಟ ಸಾಧಾರಣ. ಶಾರ್ಟ್‌ಸ್ಟಾಪ್ (ಸೆಕೆಂಡ್ ಮತ್ತು ಥರ್ಡ್ ಬೇಸ್‌ಗಳ ನಡುವೆ ನಿಲ್ಲುವ ಫೀಲ್ಡರ್) ಆಗಬೇಕೆಂದು ಅವನ ಹಠ. ತರಬೇತುದಾರರು ಪ್ರತಿ ಪಂದ್ಯದಲ್ಲೂ ರೈಟ್ ಫೀಲ್ಡ್‌ಗೆ (ಮೈದಾನದ ಬಲ ಹಿಂಬದಿಗೆ) ಕಳುಹಿಸುತ್ತಾರೆ. ಅಲ್ಲಿಗೆ ಚೆಂಡೇ ಬರುವುದಿಲ್ಲ ಎಂದು ಮನೆಗೆ ಬಂದು ಅಳುತ್ತಾನೆ. ಎತ್ತರ ಇರುವುದರಿಂದ ಫಸ್ಟ್ ಬೇಸ್ ಒಗ್ಗಬಹುದು ಎಂದು ನನ್ನ ಊಹೆ. ಸರಿಯಾದ ಜಾಗವನ್ನು ಗುರುತಿಸುವುದು ಹೇಗೆ?

ಉತ್ತರ: ಕಹಿಯಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಎಡಗೈಯಲ್ಲಿ ಎಸೆಯುವ ಹುಡುಗ ಶಾರ್ಟ್‌ಸ್ಟಾಪ್ ಆಗಿ ಬಹಳ ದೂರ ಹೋಗುವುದು ಕಷ್ಟ. ಅವನಲ್ಲಿ ಕೊರತೆಯೇನೂ ಇಲ್ಲ, ಮೈದಾನದ ಆಕಾರವೇ ಹಾಗಿದೆ. ಬ್ಯಾಟರ್ ನಿಲ್ಲುವ ಮೂಲೆ ಮತ್ತು ಫಸ್ಟ್, ಸೆಕೆಂಡ್, ಥರ್ಡ್ ಬೇಸ್‌ಗಳು ಸೇರಿ ಒಂದು ಚೌಕ; ಚೆಂಡು ಹೊಡೆದವನು ಮೊದಲು ಫಸ್ಟ್‌ಗೆ ಓಡುತ್ತಾನೆ, ನೆಲದ ಚೆಂಡನ್ನು ಅವನಿಗಿಂತ ಮೊದಲು ಅಲ್ಲಿಗೆ ತಲುಪಿಸಿದರೆ ಅವನು ಔಟ್. ಶಾರ್ಟ್‌ಸ್ಟಾಪ್ ಬ್ಯಾಟರ್ ಕಡೆಗೆ ಮುಖಮಾಡಿ ನಿಂತಾಗ ಫಸ್ಟ್ ಬೇಸ್ ಅವನ ಎಡಕ್ಕೆ ಇರುತ್ತದೆ. ಬಲಗೈ ಆಟಗಾರ ನೆಲದ ಚೆಂಡನ್ನು ಎತ್ತಿಕೊಳ್ಳುವ ಹೊತ್ತಿಗೆ ಅವನ ಎಡ ಭುಜ ಆಗಲೇ ಗುರಿಯತ್ತ ತಿರುಗಿರುತ್ತದೆ, ಎಸೆದರಾಯಿತು. ಎಡಗೈಯವನು ಬಲ ಭುಜವನ್ನು ಗುರಿಗೆ ತರಬೇಕೆಂದರೆ ಇಡೀ ಮೈಯನ್ನೇ ಸುತ್ತಿಸಬೇಕು. ಅಷ್ಟರಲ್ಲಿ ಓಟಗಾರ ಇನ್ನೆರಡು ಹೆಜ್ಜೆ ಹಾಕಿರುತ್ತಾನೆ. ಸೆಕೆಂಡ್ ಬೇಸ್, ಥರ್ಡ್ ಬೇಸ್‌ಗಳಲ್ಲೂ ಇದೇ ತೊಡಕು. ಫಸ್ಟ್ ಬೇಸ್‌ನಲ್ಲಿ ಒಂಬತ್ತು ಗೋಲ್ಡ್ ಗ್ಲೋವ್ (ಶ್ರೇಷ್ಠ ಫೀಲ್ಡಿಂಗ್ ಪ್ರಶಸ್ತಿ) ಗೆದ್ದ ಎಡಗೈ ಆಟಗಾರ ಡಾನ್ ಮ್ಯಾಟಿಂಗ್ಲಿ 1986ರಲ್ಲಿ ಮೂರು ಪಂದ್ಯಗಳಲ್ಲಿ ಥರ್ಡ್ ಬೇಸ್ ಆಡಿದ್ದನ್ನು ಜನ ಇಂದಿಗೂ ವಿಶೇಷವೆಂದು ನೆನೆಯುತ್ತಾರೆ. ಅಂಥದ್ದು ಎಷ್ಟು ಅಪರೂಪ ಎಂಬುದಕ್ಕೆ ಇದೇ ಸಾಕ್ಷಿ.

ಈ ಸತ್ಯವನ್ನು ಮಗನಿಗೆ ಈಗಲೇ ಹೇಳಿ. ಕಾಗದದ ಮೇಲೆ ಚೌಕ ಬರೆದು, ಭುಜ ಹೇಗೆ ತಿರುಗಬೇಕು ಎಂದು ತೋರಿಸಿ. ಹನ್ನೊಂದರ ಮಗುವಿಗೆ ಕಾರಣ ಅರ್ಥವಾಗುತ್ತದೆ. ಕಾರಣ ತಿಳಿಯದೆ ಬದಿಗೆ ಸರಿಸಿದಾಗ ಮಾತ್ರ ಅದು ತನ್ನನ್ನೇ ದೂಷಿಸಿಕೊಳ್ಳುತ್ತದೆ. ಹಾಗೆಂದು ಅಭ್ಯಾಸದಲ್ಲಿ ಅವನು ಶಾರ್ಟ್‌ಸ್ಟಾಪ್ ಜಾಗದಲ್ಲಿ ನಿಲ್ಲುವುದನ್ನು ತಡೆಯಬೇಡಿ. ಅಲ್ಲಿ ಕಲಿತ ಕಾಲ್ಚಳಕ, ಮೆತ್ತನೆಯ ಕೈ ಎಲ್ಲಿಗೆ ಹೋದರೂ ಜೊತೆಗಿರುತ್ತದೆ.

ಇನ್ನು ಎಡಗೈ ವರವಾಗುವ ಕಡೆ. ಫಸ್ಟ್ ಬೇಸ್‌ನಲ್ಲಿ ಅವನ ಗ್ಲೋವ್ ಬಲಗೈಯಲ್ಲಿರುತ್ತದೆ. ಫಸ್ಟ್ ಮತ್ತು ಸೆಕೆಂಡ್ ನಡುವಿನ ದೊಡ್ಡ ಸಂದಿಗೆ ಬರುವ ಚೆಂಡು ನೇರ ಗ್ಲೋವ್ ಬದಿಗೇ ಬರುತ್ತದೆ. ಪಿಚರ್ (ಬ್ಯಾಟರ್‌ಗೆ ಚೆಂಡೆಸೆಯುವವನು) ಬ್ಯಾಟರ್ ಬದಲು ಫಸ್ಟ್‌ಗೆ ಚೆಂಡನ್ನು ಎಸೆದಾಗ, ಬೇಸ್‌ಗೆ ಹಾರಿ ಮರಳುವ ಓಟಗಾರನ ಮೇಲೆ ಗ್ಲೋವ್ ಸಲೀಸಾಗಿ ಇಳಿಯುತ್ತದೆ. ಸೆಕೆಂಡ್‌ಗೆ ಎಸೆಯುವಾಗ ಮೈ ತಿರುಗಿಸುವ ಕೆಲಸವಿಲ್ಲ. ಪಿಚಿಂಗ್‌ನಲ್ಲೂ ಎಡಗೈಗೆ ಬೆಲೆ ಇದೆ: ಎಸೆಯಲು ಸಿದ್ಧನಾಗಿ ನಿಂತಾಗ ಫಸ್ಟ್ ಬೇಸ್ ಓಟಗಾರ ಅವನ ಕಣ್ಣೆದುರೇ ಇರುತ್ತಾನೆ. ಔಟ್‌ಫೀಲ್ಡ್‌ನ (ಬೇಸ್‌ಗಳಾಚೆಯ ಹಿಂಬದಿ ಮೈದಾನದ) ಮೂರು ಜಾಗಗಳಿಗೆ ಎಡ ಬಲದ ಹಂಗಿಲ್ಲ.

ಆದರೆ ನಿಮ್ಮ ಊಹೆಯ ಆಧಾರವನ್ನು ನಾನು ಒಪ್ಪುವುದಿಲ್ಲ. ಎತ್ತರ ನೋಡಿ ಜಾಗ ಹಂಚುವುದು ಈ ವಯಸ್ಸಿನಲ್ಲಿ ದೊಡ್ಡ ತಪ್ಪು. ಇಂದು ಎಲ್ಲರಿಗಿಂತ ಉದ್ದವಾಗಿರುವವನು ಹದಿನೈದಕ್ಕೆ ಸರಾಸರಿಯಾಗಬಹುದು, ಗಿಡ್ಡ ಹುಡುಗ ಒಂದೇ ವರ್ಷದಲ್ಲಿ ಚಿಗುರಿ ನಿಲ್ಲಬಹುದು. ಎತ್ತರದವರಿಗೆ ಸಲ್ಲದು ಎನ್ನುತ್ತಿದ್ದ ಶಾರ್ಟ್‌ಸ್ಟಾಪ್ ಜಾಗದಲ್ಲಿ ಆರು ಅಡಿ ನಾಲ್ಕು ಅಂಗುಲದ ಕ್ಯಾಲ್ ರಿಪ್ಕನ್ ಜೂನಿಯರ್ ವರ್ಷಗಟ್ಟಲೆ ಮೆರೆದರು. ಮಕ್ಕಳ ಆಟದಲ್ಲಿ ಫಸ್ಟ್ ಬೇಸ್‌ಗೆ ಬೇಕಾದದ್ದು ಬೇರೆ: ಅಡ್ಡಾದಿಡ್ಡಿ ಬರುವ ಎಸೆತವನ್ನು ಹಿಡಿಯುವ ಕೈ. ಉಳಿದವರ ಎಸೆತಗಳು ಇನ್ನೂ ಹದಕ್ಕೆ ಬಂದಿರುವುದಿಲ್ಲ. ಅವನ್ನು ಹಿಡಿಯಬಲ್ಲ ಒಬ್ಬ ಮಗು ಫಸ್ಟ್ ಬೇಸ್‌ನಲ್ಲಿದ್ದರೆ ಇಡೀ ಇನ್‌ಫೀಲ್ಡ್‌ಗೆ (ಬೇಸ್‌ಗಳ ಬಳಿ ನಿಂತವರಿಗೆ) ಧೈರ್ಯ ಬರುತ್ತದೆ.

ಹಾಗಾದರೆ ಏನನ್ನು ನೋಡಬೇಕು? ನಾನು ಮೊದಲು ನೋಡುವುದು ಮೊದಲ ಹೆಜ್ಜೆಯನ್ನು. ಬ್ಯಾಟಿಗೆ ಚೆಂಡು ತಾಗಿದ ಕ್ಷಣ ಮಗುವಿನ ಪಾದ ಎತ್ತ ಸರಿಯುತ್ತದೆ? ತಲೆಯ ಮೇಲೆ ಹೋಗಲಿರುವ ಚೆಂಡಿಗೆ ಹೆಚ್ಚಿನ ಮಕ್ಕಳು ಮುಂದಕ್ಕೆ ಓಡಿ, ಆಮೇಲೆ ತಪ್ಪು ತಿಳಿದು ಹಿಂದಕ್ಕೆ ಎಡವುತ್ತಾರೆ. ತಾನಾಗಿಯೇ ಹಿಂದಕ್ಕೆ ಹೆಜ್ಜೆ ಹಾಕುವ ಮಗುವಿನ ಕಣ್ಣು ಔಟ್‌ಫೀಲ್ಡ್‌ನ ಕಣ್ಣು. ಅಂಥವನಿಗೆ ಓಟದ ವೇಗ ಸ್ವಲ್ಪ ಕಡಿಮೆಯಿದ್ದರೂ ನಡೆಯುತ್ತದೆ. ಒಂದು ಸಂಜೆ ಇಪ್ಪತ್ತು ಎತ್ತರದ ಚೆಂಡುಗಳನ್ನು ಹೊಡೆದುಕೊಡಿ. ಎಷ್ಟು ಹಿಡಿದ ಎಂದು ಎಣಿಸಬೇಡಿ, ಎಷ್ಟು ಸಲ ಮೊದಲ ಹೆಜ್ಜೆ ಸರಿಯಾಗಿತ್ತು ಎಂದು ಬರೆದಿಡಿ. ಹಿಡಿಯುವುದನ್ನು ಕಲಿಸಬಹುದು. ಚೆಂಡಿನ ದಾರಿಯನ್ನು ಓದುವುದಕ್ಕೆ ತುಂಬಾ ಸಮಯ ಬೇಕು.

ಎರಡನೆಯದು, ಕಾಲ ಬುಡದಲ್ಲೇ ಪುಟಿಯುವ ಚೆಂಡು. ನಾಲ್ಕೈದು ಹೆಜ್ಜೆ ದೂರದಿಂದ ಮೆಲ್ಲನೆ ನೆಲಕ್ಕೆ ಎಸೆದು ನೋಡಿ. ಮುಖ ಪಕ್ಕಕ್ಕೆ ಹೊರಳಿದರೆ ಇನ್‌ಫೀಲ್ಡ್‌ಗೆ ಅವಸರ ಬೇಡ. ಆ ಹೆದರಿಕೆ ಸಹಜ, ಮೆತ್ತನೆಯ ಚೆಂಡಿನಲ್ಲಿ ಅಭ್ಯಾಸ ಮಾಡಿದರೆ ತಿಂಗಳುಗಳಲ್ಲಿ ಕರಗುತ್ತದೆ. ಎಸೆತದಲ್ಲಿ ದೂರಕ್ಕಿಂತ ನೇರವನ್ನು ನೋಡಿ.

ಮೂರನೆಯದನ್ನು ಅಳೆಯಲು ಸಾಧ್ಯವಿಲ್ಲ, ಆದರೂ ನನಗೆ ಅದೇ ಮುಖ್ಯ. ತಪ್ಪು ಮಾಡಿದ ಮರುಕ್ಷಣ ಮಗುವಿನ ಕಣ್ಣು ಎಲ್ಲಿಗೆ ಹೋಗುತ್ತದೆ? ಚೆಂಡಿನ ಕಡೆಗೆ ಹೋದರೆ ಆ ಮಗು ಇನ್‌ಫೀಲ್ಡ್‌ನ ಗದ್ದಲವನ್ನು ತಾಳಿಕೊಳ್ಳುತ್ತದೆ. ತಂದೆತಾಯಿ ಕುಳಿತ ಕಡೆಗೆ ಹೋದರೆ, ದಯವಿಟ್ಟು ಮೊದಲು ನಿಮ್ಮ ಮುಖದಲ್ಲಿ ಏನು ಕಾಣಿಸುತ್ತಿದೆ ಎಂದು ಯೋಚಿಸಿ. ನನ್ನ ಬಳಿ ಕಲಿತ ಎಷ್ಟೋ ಮಕ್ಕಳು ಒಳ್ಳೆಯ ಕೈಗಳಿದ್ದೂ ಆ ಒಂದು ನೋಟಕ್ಕೆ ಅಂಜಿ ಆಟ ಬಿಟ್ಟಿದ್ದಾರೆ.

ರೈಟ್ ಫೀಲ್ಡ್ ಬಗ್ಗೆ ಒಂದು ಮಾತು. ಚಿಕ್ಕವರಲ್ಲಿ ಅಲ್ಲಿಗೆ ಚೆಂಡು ಕಡಿಮೆ ಬರುತ್ತದೆ ಎಂಬುದು ನಿಜ. ಆದರೆ ಇನ್‌ಫೀಲ್ಡ್‌ನಿಂದ ಫಸ್ಟ್‌ಗೆ ಹೋಗುವ ಪ್ರತಿ ಎಸೆತದ ಹಿಂದೆ ಓಡಿ ಕಾವಲು ನಿಲ್ಲುವುದು ರೈಟ್ ಫೀಲ್ಡರ್‌ನ ಕೆಲಸ, ಅದನ್ನು ಯಾರೂ ಅವನಿಗೆ ಹೇಳಿಕೊಟ್ಟಿರಲಿಕ್ಕಿಲ್ಲ. ಲಿಟಲ್ ಲೀಗ್ (ಮಕ್ಕಳ ಬೇಸ್‌ಬಾಲ್ ಸಂಸ್ಥೆ) ಮೈದಾನದಲ್ಲಿ ಬೇಸ್‌ಗಳ ನಡುವೆ 60 ಅಡಿ ಮಾತ್ರ, ದೊಡ್ಡವರ ಮೈದಾನದ 90 ಅಡಿ ಅಲ್ಲ. ರಭಸವಾಗಿ ಉರುಳಿ ಬಂದ ಚೆಂಡನ್ನು ರೈಟ್ ಫೀಲ್ಡ್‌ನಿಂದಲೇ ಫಸ್ಟ್‌ಗೆ ಎಸೆದು ಬ್ಯಾಟರ್‌ನನ್ನು ಔಟ್ ಮಾಡಬಹುದು. ಒಮ್ಮೆ ಹಾಗೆ ಮಾಡಿದ ಹುಡುಗ ಮತ್ತೆ ಆ ಜಾಗವನ್ನು ಹಳಿಯುವುದಿಲ್ಲ.

ತರಬೇತುದಾರರನ್ನು ಕಾಣಿ. "ನನ್ನ ಮಗನನ್ನು ಫಸ್ಟ್‌ನಲ್ಲಿ ನಿಲ್ಲಿಸಿ" ಎನ್ನಬೇಡಿ, "ಫಸ್ಟ್‌ನಲ್ಲಿ ಎರಡು ಇನ್ನಿಂಗ್ಸ್ ಸಿಗಬೇಕಾದರೆ ಅವನು ಏನು ಕಲಿಯಬೇಕು?" ಎಂದು ಕೇಳಿ. ಈ ಋತುವಿಗೆ ಫಸ್ಟ್ ಬೇಸ್ ಮತ್ತು ಒಂದು ಔಟ್‌ಫೀಲ್ಡ್ ಜಾಗ, ಇವೆರಡನ್ನು ಜೊತೆಜೊತೆಯಾಗಿ ಕಲಿಯಲಿ. ಒಂದೇ ಜಾಗಕ್ಕೆ ಕಟ್ಟಿಹಾಕುವ ವಯಸ್ಸು ಇದಲ್ಲ. ಪನಾಮದಲ್ಲಿ ಶಾರ್ಟ್‌ಸ್ಟಾಪ್ ಆಡುತ್ತಿದ್ದ ಮರಿಯಾನೊ ರಿವೆರಾ ಪಿಚರ್ ಆಗಿ ಅಮೆರಿಕದ ಮೇಜರ್ ಲೀಗ್‌ನಲ್ಲಿ 652 ಸೇವ್‌ಗಳನ್ನು (ಕೊನೆಯಲ್ಲಿ ಬಂದು ತಂಡದ ಮುನ್ನಡೆ ಉಳಿಸಿದ ಪಂದ್ಯಗಳು) ಗಳಿಸಿದರು. ಅದೇ ಲೀಗ್‌ನ ಬಸ್ಟರ್ ಪೋಸಿ ಕ್ಯಾಚರ್ (ಬ್ಯಾಟರ್ ಹಿಂದೆ ಕುಳಿತು ಪಿಚರ್ ಎಸೆದ ಚೆಂಡು ಹಿಡಿಯುವವನು) ಆದದ್ದು ಕಾಲೇಜಿಗೆ ಬಂದ ಮೇಲೆ, ಅದಕ್ಕೂ ಮೊದಲು ಅವರೂ ಶಾರ್ಟ್‌ಸ್ಟಾಪ್.

ಪ್ರಶ್ನೆ: ಮಗಳಿಗೆ 9 ವರ್ಷ. ಪಿಚಿಂಗ್ ಚೆನ್ನಾಗಿ ಮಾಡುತ್ತಾಳೆ, ಕ್ಯಾಚರ್ ಆಗಲೂ ಇಷ್ಟ. ಒಂದೇ ದಿನ ಎರಡೂ ಮಾಡಬಹುದೇ?

ಉತ್ತರ: ಕ್ಯಾಚರ್ ಆಗಲು ಇಷ್ಟಪಡುವ ಮಗು ಸಿಗುವುದೇ ಭಾಗ್ಯ, ಆ ಆಸೆಯನ್ನು ಕಾಪಾಡಿ. ಆದರೆ ಒಂದೇ ದಿನ ಎರಡೂ ಬೇಡ. ಕ್ಯಾಚರ್ ಹಿಡಿದ ಪ್ರತಿ ಚೆಂಡನ್ನೂ ಮರಳಿ ಎಸೆಯುತ್ತಾಳೆ ಎಂಬುದನ್ನು ನಾವು ಮರೆಯುತ್ತೇವೆ. ಪಿಚಿಂಗ್‌ನ ಮೇಲೆ ಅದೂ ಸೇರಿದರೆ ಬೆಳೆಯುತ್ತಿರುವ ಮೊಣಕೈಗೆ, ಭುಜಕ್ಕೆ ವಿಶ್ರಾಂತಿಯೇ ಇರುವುದಿಲ್ಲ. ಲಿಟಲ್ ಲೀಗ್ ನಿಯಮದಲ್ಲಿ 9-10 ವಯಸ್ಸಿನವರಿಗೆ ದಿನಕ್ಕೆ 75 ಪಿಚ್‌ಗಳ (ಬ್ಯಾಟರ್‌ಗೆ ಎಸೆಯುವ ಎಸೆತಗಳ) ಮಿತಿಯಿದೆ. 41 ಅಥವಾ ಅದಕ್ಕಿಂತ ಹೆಚ್ಚು ಪಿಚ್ ಮಾಡಿದವರು ಆ ದಿನ ಕ್ಯಾಚರ್ ಆಗುವಂತಿಲ್ಲ. ನಾಲ್ಕು ಇನ್ನಿಂಗ್ಸ್ ಕ್ಯಾಚರ್ ಆದವರು ಆ ದಿನ ಪಿಚ್ ಮಾಡುವಂತಿಲ್ಲ. ಇವು ಗರಿಷ್ಠ ಮಿತಿಗಳು, ಮುಟ್ಟಲೇಬೇಕಾದ ಗುರಿಗಳಲ್ಲ. ಎರಡು ತಂಡಗಳಿಗೆ ಆಡುತ್ತಿದ್ದರೆ ಎರಡರ ಎಣಿಕೆಯನ್ನೂ ಒಂದೇ ಪುಸ್ತಕದಲ್ಲಿ ನೀವೇ ಬರೆದಿಡಿ, ಏಕೆಂದರೆ ಒಂದು ತಂಡದ ಲೆಕ್ಕ ಇನ್ನೊಂದಕ್ಕೆ ತಿಳಿಯುವುದಿಲ್ಲ. ಮೊಣಕೈಯ ಒಳಬದಿ ನೋಯುತ್ತಿದೆ ಎಂದು ಅವಳು ಹೇಳಿದರೆ ಅಂದೇ ಎಸೆತ ನಿಲ್ಲಿಸಿ ವೈದ್ಯರಿಗೆ ತೋರಿಸಿ. ವೈದ್ಯರು ಒಪ್ಪುವವರೆಗೆ, ಎಸೆಯುವ ಕೆಲಸ ಕಡಿಮೆ ಎಂಬ ಕಾರಣಕ್ಕೆ ಬೇರೆ ಜಾಗದಲ್ಲೂ ನಿಲ್ಲಿಸಬೇಡಿ.